ಹಕೀಮಾಕನ ಎಡಗಡೆ

ಸೌದಿಯ ಅಲ್ ಖರ್ಜಿನ ಡೈರಿಯಲ್ಲಿ ಹಾಲು ಕರೆಯುವ ಯಂತ್ರಗಳನ್ನು ರಿಪೇರಿ ಮಾಡುವ ಉಳ್ಳಾಲದ ಅಬ್ದುಲ್ ಹಕೀಮ್, ಎಲ್ಲರ ಬಾಯಲ್ಲಿ ಹಕೀಮಾಕ, ಇಪ್ಪತ್ತೆರಡು ವರ್ಷ ಅಲ್ಲಿರುವ ಊರಿನವರ ಫುಟ್ಬಾಲ್ ತಂಡಕ್ಕೆ ಎಡಗಡೆಯ ಬ್ಯಾಕ್. ಅವನ ಕಾವಲಿನಲ್ಲಿ ಮರಳುಗಾಳಿಯೂ ಇಕಾಮಾ ಗುರುತುಚೀಟಿ ತೋರಿಸದೆ ದಾಟುತ್ತಿರಲಿಲ್ಲ. ಎದುರಾಳಿಗಳ ಕಣಕಾಲಿಗೆ ಅವನು ಕೊಟ್ಟ ಒದೆತಗಳನ್ನು ಸಾಲಾಗಿ ಇಟ್ಟರೆ ರಿಯಾದಿನಿಂದ ದಮ್ಮಾಮಿಗೆ ಇನ್ನೊಂದು ರಸ್ತೆಯಾದೀತು. ಮಗಳ ಮದುವೆಗೂ ಸೆಮಿಫೈನಲ್ ಸೋತು ಮುಗಿಸಿಯೇ ವಿಮಾನ ಹತ್ತಿದ. ಮನೆ ಮುಟ್ಟುವಾಗ ಬಿರಿಯಾನಿಯ ಪಾತ್ರೆ ತೊಳೆಯುತ್ತಿದ್ದರು. ಹೆಂಡತಿ ಝೊಹರಾ ಆ ವರ್ಷವಿಡೀ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತಾಡಲಿಲ್ಲ.

ಈಗ ವಯಸ್ಸು ನಲವತ್ತೊಂಬತ್ತು. ತಂಡ ಮೊದಲ ಬಾರಿಗೆ ಫೈನಲ್ ಮುಟ್ಟಿತ್ತು, ಅದೂ ಅವನು ಮೊಣಕಾಲು ಹಿಡಿದು ಮಲಗಿದ್ದ ತಿಂಗಳಲ್ಲಿ. ರಿಯಾದಿನ ಮಲಾಜ್ ಮೈದಾನದಲ್ಲಿ ಆ ಒಂದು ಆಟ ಆಡಿಬಿಡಬೇಕು, ಆಮೇಲೆ ಕಾಲು ಬಿದ್ದುಹೋದರೂ ಚಿಂತೆಯಿಲ್ಲ ಎಂದು ಬೂಟು ಕಟ್ಟಿಕೊಂಡು ಬಂದ.

ಬೇಡವೆನ್ನಲು ಕ್ಯಾಪ್ಟನ್ ಇಮ್ತಿಯಾಜನಿಗೆ ಬಾಯಿ ಬರಲಿಲ್ಲ. ಅಂಥ ಹೊತ್ತಿಗೆ ನಮ್ಮವರ ಬಳಿ ಒಂದು ಉಪಾಯವಿದೆ: ಸನ್ಮಾನ. ಮೈಕಿನಲ್ಲಿ ಹೆಸರು ಕೂಗಿ, ಶಾಲು ಹೊದಿಸಿ, ಮೊಳದುದ್ದದ ಸ್ಮರಣಿಕೆ ಕೊಟ್ಟು, ನಿವೃತ್ತರಾಗುತ್ತಿರುವ ಹಿರಿಯ ಆಟಗಾರ ಎಂದು ಮೂರು ಸಲ ಹೇಳಿ, ಮುಖ್ಯ ಅತಿಥಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ನಿವೃತ್ತಿಯ ಸುದ್ದಿ ಹಕೀಮನಿಗೂ ಆಗಲೇ ತಿಳಿದದ್ದು. ಅಷ್ಟು ಜನ ಚಪ್ಪಾಳೆ ತಟ್ಟಿದ ಮೇಲೆ ಶಾಲು ಕಿತ್ತೆಸೆದು ಮೈದಾನಕ್ಕೆ ಇಳಿಯುವುದು ಹೇಗೆ?

ಅರ್ಧ ಆಟವಾದರೂ ಯಾರದೂ ಗೋಲಿಲ್ಲ. ಹೊಟ್ಟೆಯುರಿ ತಾಳಲಾರದೆ ಹಕೀಮ್ ಎದುರು ತಂಡದ ಫಾರ್ವರ್ಡ್ ಫಾರಿಸನ ಬಳಿ ಹೋದ. ಎಂಟು ವರ್ಷ ಅಂಗಿ ಹಿಡಿದೆಳೆದು ತಾನೇ ಕಾವಲು ಕಾದಿದ್ದ ಆಸಾಮಿ.

"ನನ್ನ ಜಾಗದಲ್ಲಿ ಇದ್ದಾನಲ್ಲ ಆ ಹೊಸಬ, ಅವನಿಗೆ ಬಲಗಾಲೇ ಬರುವುದಿಲ್ಲ ಮಾರಾಯ. ನೀನು ಆ ಕಡೆಯಿಂದ ನುಗ್ಗು."

ಫಾರಿಸ್ ನೀರಿನ ಬಾಟಲಿ ಕೆಳಗಿಟ್ಟ. ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಇಷ್ಟು ವರ್ಷ ನಾವು ನುಗ್ಗಿದ್ದು ಆ ಕಡೆಯಿಂದಲೇ ಅಲ್ವಾ ಹಕೀಮಾಕ. ನೀವು ಇದ್ರಿ. ಇನ್ನು ಎಂತ ಮಾಡುದು, ಬೇರೆ ದಾರಿ ನೋಡ್ಬೇಕು."

ಹಕೀಮ್ ಕುರ್ಚಿಗೆ ಮರಳಿ, ಉಳಿದ ಅರ್ಧ ಗಂಟೆ ಎಡಗಡೆಯನ್ನೇ ನೋಡುತ್ತ ಕೂತ. ಚೆಂಡು ಅತ್ತ ಎರಡೇ ಸಲ ಬಂತು. ಎರಡು ಸಲವೂ ಹೊಸಬ ಯಾರ ಅಂಗಿಯನ್ನೂ ಮುಟ್ಟದೆ ಅದನ್ನು ತಡೆದ. ಒಂದು ಗೋಲಿನಿಂದ ತಂಡ ಗೆದ್ದಿತು.

ಮುಖ್ಯ ಅತಿಥಿ ಕೈ ಕುಲುಕಿ, ನೀವು ಯಾವ ಕಡೆ ಆಡುತ್ತಿದ್ದಿರಿ ಎಂದು ವಿಚಾರಿಸಿದರು.

"ಬಲಗಡೆ," ಎಂದ ಹಕೀಮ್.