ಕಾಂತರಾಜುವಿನ ರಬ್ಬರ್ ಹಿಡಿ

ಎಲೆಕ್ಷನ್ ಮುಗಿದು ಹದಿನೈದು ದಿನಕ್ಕೆ ಠಾಣೆಯಿಂದ ಫೋನು ಬಂತು, ಎಲೆಕ್ಷನ್ನಿಗೆ ಒಪ್ಪಿಸಿದ್ದ ನಿಮ್ಮ ರಿವಾಲ್ವರ್ ಬಿಡಿಸಿಕೊಂಡು ಹೋಗಿ ಅಂತ. ಕಾಂತರಾಜು ಬೂದಿಗೆರೆಯಿಂದ ಸ್ಪ್ಲೆಂಡರ್ ಏರಿ ಹೊರಟ. ಮೂರು ತಿಂಗಳಿಂದ ಬರೀ ಸೊಂಟದಲ್ಲಿ ಓಡಾಡಿದ್ದ. ಸೊಂಟದಲ್ಲಿ ಭಾರವಿಲ್ಲದಿದ್ದರೆ ಅವನಿಗೆ ಒಂದು ಕಡೆಗೆ ವಾಲಿದ ಹಾಗೆ ಅನಿಸುತ್ತಿತ್ತು.

ಹೆಡ್ ಕಾನ್‌ಸ್ಟೇಬಲ್ ಗಂಗಲಕ್ಷ್ಮಮ್ಮ ಸ್ಟೋರ್ ರೂಮಿನಿಂದ ಗಂಟು ತಂದು ಮೇಜಿನ ಮೇಲಿಟ್ಟರು. ತನ್ನದೇ ಹಳೆಯ ಪಂಚೆಯ ಚೂರಿನಲ್ಲಿ ಕಾಂತರಾಜು ತಾನೇ ಸುತ್ತಿ ಕೊಟ್ಟಿದ್ದ ಗಂಟು. ಬಿಚ್ಚಲು ಹೋದರೆ ಬಟ್ಟೆ ಬರಲೊಲ್ಲದು. ಜೋರಾಗಿ ಎಳೆದ. ಕಪ್ಪನೆಯ ಅಂಟು ನೂಲುನೂಲಾಗಿ ಎದ್ದು ಬಂತು. ಕಬ್ಬಿಣಕ್ಕೆ ಏನೂ ಆಗಿರಲಿಲ್ಲ, ನಳಿಗೆ ಫಳಫಳ ಅನ್ನುತ್ತಿತ್ತು. ಕೈಯಲ್ಲಿ ಹಿಡಿಯುವ ಕಡೆ ಎರಡೂ ಬದಿಗೆ ಕೂರಿಸಿದ್ದ ರಬ್ಬರ್ ಹಿಡಿ ಮಾತ್ರ ಊದಿಕೊಂಡು, ಕರಗಿ, ಪಾಕ ಕೆಟ್ಟ ಬೆಲ್ಲದ ಹಾಗೆ ಬಟ್ಟೆಗೆ ಮೆತ್ತಿಕೊಂಡಿತ್ತು.

"ಏನಮ್ಮಾ ಇದು? ಬಂದೂಕು ಇಟ್ಟಿದ್ರಾ, ಹಲಸಿನ ಹಣ್ಣು ಬಿಡಿಸ್ತಿದ್ರಾ?"

"ನಂಬರ್ ನೋಡಿದ್ಮೇಲೆ ನೀವೇ ಸುತ್ತಿ ಕೊಟ್ಟಿದ್ದು. ಆಮೇಲೆ ನಾವು ಬಿಚ್ಚೇ ಇಲ್ಲ. ಸೈನ್ ಹಾಕಿ."

"ಶೀಟಿನ ರೂಮಲ್ಲಿ ಹಾಕಿ ಬೇಯ್ಸಿದ್ದೀರ! ನಿಮ್ಮಪ್ಪನ ಮನೆ ಗಂಟಾಗಿದ್ರೆ ಹಿಂಗ್ ಮಾಡ್ತಿದ್ರಾ?"

"ದನಿ ಇಳಿಸಿ ಮಾತಾಡಿ ಕಾಂತರಾಜು. ಇಪ್ಪತ್ತೇಳು ಗನ್ ಇಟ್ಟಿದ್ವಿ. ಇಪ್ಪತ್ತಾರು ಜನ ಬಾಯಿ ಮುಚ್ಕೊಂಡು ತಗೊಂಡ್ ಹೋದ್ರು. ಕರಗಿದ್ದು ನಿಮ್ದೊಂದೇ."

ಆ ಮಾತು ಅವನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಸಿಟ್ಟು ಬಂದಾಗ ಅವನಿಗೆ ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಪೆನ್ನು ಕುಕ್ಕಿ ಸೈನ್ ಹಾಕಿ, ಇನ್ನೂ ನಾಲ್ಕು ಕೆಟ್ಟ ಮಾತಾಡಿ ಎದ್ದು ಬಂದ. ಈಗೀಗ ಸಿಟ್ಟು ಮಾಡಿಕೊಂಡರೂ ಸುಸ್ತಾಗುತ್ತಿತ್ತು.

ಕಾಂತರಾಜುವಿಗೆ ಐವತ್ತಾರು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಹತ್ತೊಂಬತ್ತನೇ ವಯಸ್ಸಿನಲ್ಲಿ ಹಸುಗಳಿಗೆ ಮೇವು ಕತ್ತರಿಸುವ ಮಿಷಿನ್ನು ಬಲಗೈ ಕಿರುಬೆರಳನ್ನು ಅರ್ಧಕ್ಕೆ ತೆಗೆದುಕೊಂಡಿತು. ಆಮೇಲೆ ಇಟ್ಟಿಗೆ ಲಾರಿ, ಆಮೇಲೆ ಬೋರ್‌ವೆಲ್ ಗಾಡಿ, ಕೊನೆಗೆ ಲೇಔಟ್ ಮಾಡುವ ಒಬ್ಬ ದೊಡ್ಡ ಮನುಷ್ಯನ ಹಿಂದೆ ಗನ್‌ಮ್ಯಾನ್. ಲೈಸೆನ್ಸಿಗೆ ಎರಡು ವರ್ಷ ಅಲೆದು, ಇಪ್ಪತ್ತು ವರ್ಷದ ಹಿಂದೆ ಹೊಸದಾಗಿ ತಂದ ರಿವಾಲ್ವರ್ ಅದು. ಆ ಕಾಲಕ್ಕೆ ಕಾರ್ಖಾನೆಯವರು ಕೆಲವು ವರ್ಷ ಮಾತ್ರ ರಬ್ಬರ್ ಹಿಡಿ ಹಾಕಿ ಕೊಡುತ್ತಿದ್ದರು, ಬೆರಳು ಕೂರುವ ಕಡೆ ಮೂರು ಗುಳಿ ಮಾಡಿ. ಹೆಬ್ಬೆರಳು ಬಿಟ್ಟರೆ ಮೂರೂವರೆ ಬೆರಳಿನ ಅವನ ಕೈಗೆ ಅದು ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಮನೆಯಲ್ಲಿ ಪ್ರತಿ ಶನಿವಾರ ಸಂಜೆ ಒಂದು ಹಳೆ ಪೇಪರ್ ಹಾಸಿ ಕುಳಿತು ಒರೆಸುತ್ತಿದ್ದ. "ಹೆಂಡ್ತಿ ತಲೆಗೆ ಒಂದ್ ದಿನ ಎಣ್ಣೆ ಹಚ್ಲಿಲ್ಲ, ಅದಕ್ಕೆ ಮಾತ್ರ ವಾರವಾರ ಸೇವೆ," ಅಂತ ಅವನ ಹೆಂಡತಿ ಸೊಣ್ಣಮ್ಮ ಆಡಿಕೊಳ್ಳುತ್ತಿದ್ದಳು.

ಈಗ ಪಾಡು ಏನೆಂದರೆ, ಅವನನ್ನು ಈ ಕೆಲಸಕ್ಕೆ ಕಳಿಸುವ ಸೆಕ್ಯೂರಿಟಿ ಏಜೆನ್ಸಿಯಲ್ಲಿ ವರ್ಷಕ್ಕೊಂದು ಸಲ ಫೈರಿಂಗ್ ಟೆಸ್ಟು. ಆರು ಗುಂಡಿನಲ್ಲಿ ನಾಲ್ಕು ಬೋರ್ಡಿನ ಗೆರೆಯೊಳಗೆ ಬೀಳಬೇಕು. ಬೀಳದಿದ್ದರೆ ಗನ್‌ಮ್ಯಾನ್ ಕೆಲಸ ಹೋಯಿತು, ಸೀಟಿ ಕೊಟ್ಟು ಗೇಟಿಗೆ ಹಾಕುತ್ತಾರೆ. ತಾನು ಇಪ್ಪತ್ತು ವರ್ಷ ಯಾವ ಗೇಟಿನಲ್ಲಿ ಕಾರಿನೊಳಗೆ ಕುಳಿತು ಸಲ್ಯೂಟ್ ಹೊಡೆಸಿಕೊಂಡನೋ ಅದೇ ಗೇಟಿನಲ್ಲಿ ನಿಂತು ಸಲ್ಯೂಟ್ ಹೊಡೆಯುವುದು. ಟೆಸ್ಟು ಜುಲೈ ಕೊನೆಗೆ. ಉಳಿದಿದ್ದು ಐದು ವಾರ.

ಬೆಂಗಳೂರಿನ ಬಂದೂಕಿನ ಅಂಗಡಿಗೆ ಹೋದ. ಅಂಗಡಿಯವನು ಹಿಡಿಯ ಅಂಟು ಕೆರೆದು ನೋಡಿ, ಕಾರ್ಖಾನೆಯ ಏಜೆಂಟಿಗೆ ಫೋನ್ ಮಾಡಿ, ಇಟ್ಟ.

"ಇದು ನಿಂತೋಗಿ ಹನ್ನೆರಡು ವರ್ಷ ಆಯ್ತಂತೆ ಯಜಮಾನ್ರೇ. ಈಗೆಲ್ಲಾ ಮರದ್ದು. ಹಾಕ್ಕೊಡ್ಲಾ?"

ಹಾಕಿಸಿ ನೋಡಿದ. ಮರ ನುಣ್ಣಗಿತ್ತು, ಸಣ್ಣಗಿತ್ತು. ಖಾಲಿ ರಿವಾಲ್ವರ್ ಹಿಡಿದು ಕುದುರೆ ಎಳೆದರೆ ಸಾಕು, ಮೊಂಡು ಕಿರುಬೆರಳಿನ ಕಡೆಯಿಂದ ಹಿಡಿ ಜಾರಿ ನಳಿಗೆಯ ಮೂತಿ ಎಡಕ್ಕೆ ತಿರುಗುತ್ತಿತ್ತು. ಗುಂಡು ಹಾಕಿ ಹೊಡೆದರೆ ಬೋರ್ಡು ಬಿಟ್ಟು ಪಕ್ಕದವನ ಕಿವಿ ಹಾರುತ್ತದೆ. ತೆಗೆಸಿದ. ಇನ್ನೊಂದು ಅಂಗಡಿಯಲ್ಲೂ ಅದೇ ಮಾತು, ಅದೇ ಮರ.

ಪಂಕ್ಚರ್ ಅಂಗಡಿಯಿಂದ ಸೈಕಲ್ ಟ್ಯೂಬಿನ ಪಟ್ಟಿ ತಂದು ಮನೆಯಲ್ಲಿ ತಾನೇ ಸುತ್ತಿದ. ಏಜೆನ್ಸಿಯ ಸೂಪರ್‌ವೈಸರ್ ಬೈರೇಶ್ ಅದನ್ನು ನೋಡಿ ಬಿದ್ದುಬಿದ್ದು ನಕ್ಕ. ಮೂವತ್ತು ದಾಟದ ಹುಡುಗ, ಯಾರನ್ನು ಕಂಡರೂ ಅಂಕಲ್ ಅನ್ನುವವನು.

"ಏನ್ ಅಂಕಲ್, ಇದು ರಿವಾಲ್ವರ್ರಾ, ಟಿವಿಎಸ್ ಹ್ಯಾಂಡಲ್ಲಾ? ಇದನ್ನ ತಂದ್ರೆ ಫೈರಿಂಗ್ ರೇಂಜ್ ಒಳಗೇ ಬಿಡಲ್ಲ. ಫ್ಯಾಕ್ಟ್ರಿ ಫಿಟ್ಟಿಂಗೇ ಇರ್ಬೇಕು."

"ಫ್ಯಾಕ್ಟ್ರಿಯವರು ಮಾಡೋದೇ ನಿಲ್ಸವ್ರೆ ಕಣಪ್ಪಾ. ನಾನೇನ್ ಹಡೀಲಾ?"

"ಹಂಗಾದ್ರೆ ಗೇಟ್‌ನಲ್ಲಿ ನೆರಳೈತೆ ಅಂಕಲ್. ಆರಾಮು."

ಕೆನ್ನೆಗೆ ಬಾರಿಸಬೇಕು ಅನಿಸಿತು. ಬಾರಿಸಲಿಲ್ಲ. ಮನೆಗೆ ಬಂದು ಚಪ್ಪಲಿಯನ್ನು ಗೋಡೆಗೆ ಎಸೆದ.

ಆವತ್ತು ರಾಗಿಮುದ್ದೆ ಮುರಿಯುತ್ತಾ ಕುಳಿತಾಗ ಒಂದು ದಾರಿ ಹೊಳೆಯಿತು. ಪ್ರತಿ ಎಲೆಕ್ಷನ್ನಿಗೂ ಲೈಸೆನ್ಸಿನವರೆಲ್ಲ ಠಾಣೆಯ ಮುಂದೆ ಸಾಲಿನಲ್ಲಿ ನಿಂತು ಬಂದೂಕು ಒಪ್ಪಿಸಬೇಕು. ನಿಂತವರು ಸುಮ್ಮನಿರುತ್ತಾರೆಯೇ? ದನದ ಜಾತ್ರೆಯಲ್ಲಿ ಹೋರಿ ನೋಡುವ ಹಾಗೆ ಒಬ್ಬರ ಬಂದೂಕು ಒಬ್ಬರು ನೋಡುತ್ತಾರೆ. ಮುಖ ಮರೆತರೂ ಬಂದೂಕು ಮರೆಯುವುದಿಲ್ಲ. ತನ್ನಂಥದೇ ಕಪ್ಪು ಹಿಡಿಯದ್ದು ಹಿಂದೆ ಯಾವುದೋ ಎಲೆಕ್ಷನ್ನಿನಲ್ಲಿ ಇಬ್ಬರ ಹತ್ತಿರ ಕಂಡ ನೆನಪಿತ್ತು. ಒಬ್ಬ ಆದಿನಾರಾಯಣಪ್ಪ, ಈಗ ಮಗಳ ಊರಾದ ಘಾಟಿ ಸುಬ್ರಹ್ಮಣ್ಯದ ಕಡೆ ಸೇರಿಕೊಂಡಿದ್ದ. ಇನ್ನೊಬ್ಬ ನಂದಗುಡಿಯ ರಾಮಾಂಜಿನಪ್ಪ.

ಮೊದಲ ಭಾನುವಾರ ಘಾಟಿಯ ದಾರಿ ಹಿಡಿದ. ಆದಿನಾರಾಯಣಪ್ಪ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕುಳಿತಿದ್ದ. ವಿಷಯ ಕೇಳಿ ಒಳಗಿಂದ ರಿವಾಲ್ವರ್ ತಂದ.

"ನಾನೆಲ್ಲಿ ಮುಟ್ತೀನಪ್ಪಾ. ಕಿಟಕಿ ಪಕ್ಕ ಗೂಡಲ್ಲಿ ಇಟ್ಬಿಟ್ಟಿದ್ದೆ. ಬಿಸ್ಲು ಬೀಳುತ್ತೆ ಅಲ್ಲಿ."

ಹಿಡಿ ಒಣಗಿದ ಕೆರೆಯ ಹಾಗೆ ಬಿರುಕು ಬಿಟ್ಟಿತ್ತು. ಕಾಂತರಾಜು ಉಗುರಿನಿಂದ ಒತ್ತಿದ. ಒಂದು ಚೂರು ಉದುರಿ ಹುಣಸೆಹಣ್ಣಿನೊಳಗೆ ಬಿತ್ತು.

"ಏ, ಸಾರಿಗೆ ಬೀಳುತ್ತೆ, ತೆಗಿ ಅದನ್ನ!" ಅಂದ ಆದಿನಾರಾಯಣಪ್ಪ.

ಬರುವಾಗ ದೊಡ್ಡಬಳ್ಳಾಪುರದ ಹತ್ತಿರ ಮಳೆ ಹಿಡಿಯಿತು. ಮುಚ್ಚಿದ್ದ ಅಂಗಡಿಯೊಂದರ ಶೀಟಿನ ಕೆಳಗೆ ಒಂದು ಗಂಟೆ ನಿಂತ. ಯಾತಕ್ಕೆ ಬೇಕು ಈ ಪಾಡು, ಸೀಟಿ ತಗೊಂಡು ಗೇಟಿನಲ್ಲಿ ಕುಳಿತುಬಿಡಲೇ ಅಂತ ಮೊದಲ ಸಲ ಅನಿಸಿತು. ಹಾಗೆ ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು ಮಳೆಯಲ್ಲೇ ಗಾಡಿ ಹತ್ತಿದ.

ಎರಡು ವಾರ ರಜೆ ಸಿಗಲಿಲ್ಲ. ಟೆಸ್ಟಿಗೆ ಆರು ದಿನ ಇದ್ದಾಗ ಡ್ಯೂಟಿ ಮುಗಿಸಿ ಹಾಗೇ ನಂದಗುಡಿಗೆ ಹೋದ. ರಾಮಾಂಜಿನಪ್ಪ ಎಪ್ಪತ್ತರ ಮುದುಕ. ಅಂಗಳದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದವನು ಕಾಂತರಾಜುವಿನ ಸೊಂಟದ ರಿವಾಲ್ವರನ್ನು, ಯೂನಿಫಾರಮ್ಮನ್ನು, ಅದರ ಜೇಬಿನ ಮೇಲಿನ ಲೇಔಟ್ ಕಂಪನಿ ಹೆಸರನ್ನು ನೋಡಿದವನೇ ನೆಟ್ಟಗೆ ನಿಂತ.

"ಜಮೀನು ಕೊಡಲ್ಲ. ಹೋಗಪ್ಪಾ."

"ಜಮೀನು ಯಾರ್ ಕೇಳಿದ್ರು? ನಾನ್ ಬಂದಿದ್ದು—"

"ಎಲ್ರೂ ಹಂಗೇ ಅನ್ನೋದು. ಮೊನ್ನೆ ಒಬ್ಬ ನೀರು ಕೊಡಿ ಅಂತ ಬಂದ. ಕುಡ್ದು ಆದ್ಮೇಲೆ ಸರ್ವೆ ನಂಬರ್ ಕೇಳ್ದ. ಈಗ ಗನ್ ಇರೋನ್ನೇ ಕಳ್ಸವ್ರಾ? ಲೇ ಅಮ್ಮಯಮ್ಮಾ, ಬಾರೇ ಇಲ್ಲಿ! ಹೆದರ್ಸೋಕೆ ಬಂದವ್ನೆ!"

ಕಾಂತರಾಜುವಿಗೆ ನೆತ್ತಿ ಕಾಯಿತು. "ಯೋ, ನಿನ್ ಜಮೀನು ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೋ! ನನಗೆ ಬೇಕಾಗಿರೋದು ನಿನ್ ರಿವಾಲ್ವರ್‌ದು ಹಿಡಿ! ರಬ್ಬರ್ ಹಿಡಿ!"

ಮುದುಕ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಮುಖ ಸಡಿಲವಾಯಿತು. "ಏ, ನೀನು ಠಾಣೆ ಸಾಲಲ್ಲಿ ನನ್ ಹಿಂದೆ ನಿಂತಿದ್ದೋನು! ಮೊಂಡು ಬೆರಳೋನು! ಮೊದ್ಲೇ ಹೇಳ್ಬಾರ್ದೇನಪ್ಪಾ? ಬಾ, ಕೂತ್ಕೋ."

ಒಳಗೆ ಹೋಗಿ ರಿವಾಲ್ವರ್ ತಂದು ತೋರಿಸಿದ. ಬೀಟೆ ಮರದ ಹಿಡಿ, ಮೇಲೆ ಹಿತ್ತಾಳೆಯ ಹೂವು. ಮೊಮ್ಮಗಳು ನವ್ಯಶ್ರೀಯ ನಾಮಕರಣಕ್ಕೆ ಫೋಟೋದಲ್ಲಿ ಚೆನ್ನಾಗಿ ಕಾಣಲಿ ಅಂತ ಹಾಕಿಸಿದ್ದಂತೆ.

"ಹಳೇದು ಎಸ್ದ್ರಾ?" ಕಾಂತರಾಜು ಕೇಳಿದ.

"ನಾನೇನ್ ಎಸ್ದಿಲ್ಲ. ಇವಳ್ನ ಕೇಳು."

ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಅಮ್ಮಯಮ್ಮ ಅಡುಗೆಮನೆಯ ಕಡೆ ಕೈ ತೋರಿಸಿದಳು. "ನನ್ ಗ್ರೈಂಡರ್ ಕಾಲಡಿ ಐತೆ."

ಅಡುಗೆಮನೆಯ ನೆಲ ಮುಂದಕ್ಕೆ ಇಳಿಜಾರು. ಹಿಟ್ಟು ರುಬ್ಬುವ ದಪ್ಪ ಕಲ್ಲಿನ ಗ್ರೈಂಡರು ಜಾರದಿರಲಿ ಅಂತ ಮುಂದಿನ ಎರಡು ಕಾಲಿಗೂ ಒಂದೊಂದು ಕಪ್ಪು ಚೂರು. ಕಾಂತರಾಜು ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ ನೋಡಿದ. ಒಣಗಿದ ದೋಸೆಹಿಟ್ಟು ಮೆತ್ತಿತ್ತು. ಆದರೂ ಮೂರು ಗುಳಿ ಕಂಡವು.

"ಎಷ್ಟು ವರ್ಷ ಆಯ್ತಮ್ಮಾ ಇಲ್ಲಿಟ್ಟು?"

"ನವ್ಯಶ್ರೀಗೆ ಈಗ ಒಂಬತ್ತು. ಅಷ್ಟೇ ಆಯ್ತು. ಅದನ್ನ ತಗೊಂಡ್ರೆ ನನ್ ಗ್ರೈಂಡರ್ ಊರೆಲ್ಲಾ ಓಡಾಡುತ್ತಪ್ಪಾ."

ಕಾಂತರಾಜು ಹಿತ್ತಲಿಗೆ ಹೋದ. ಬಿದ್ದಿದ್ದ ಟ್ರ್ಯಾಕ್ಟರ್ ಟೈರಿನ ಹರಕನ್ನು ಮಚ್ಚಿನಲ್ಲಿ ಕೊಯ್ದು ಎರಡು ಚೂರು ಮಾಡಿ ತಂದ. ಮುದುಕ ಗ್ರೈಂಡರ್ ಎತ್ತಿ ಹಿಡಿದ, ಇವನು ತೂರಿಸಿದ. ಹೊರಗೆ ಬಂದ ಹಿಡಿಯನ್ನು ಬೂದಿ ಹಾಕಿ ತೊಳೆದ. ಒಂದರ ಬೆನ್ನಿಗೆ ಗ್ರೈಂಡರ್ ಕಾಲಿನ ಗುಂಡನೆಯ ಅಚ್ಚು ಬಿದ್ದಿತ್ತು, ಅಷ್ಟೇ. ಬಗ್ಗಿಸಿದರೆ ಬಗ್ಗಿತು, ಬಿಟ್ಟರೆ ನೆಟ್ಟಗಾಯಿತು.

"ನಿಂದೇನಾಯ್ತು ಮತ್ತೆ?" ಅಂದಳು ಅಮ್ಮಯಮ್ಮ.

"ಠಾಣೆಯವ್ರು ಹಾಳ್ ಮಾಡಿದ್ರಮ್ಮಾ. ನಾನು ವಾರವಾರ ಕೊಬ್ಬರಿ ಎಣ್ಣೆ ಹಚ್ಚಿ ಮಗು ಥರಾ ನೋಡ್ಕೊಂಡಿದ್ದೆ. ಮೂರ್ ತಿಂಗ್ಳು ದೂರ ಇರುತ್ತೆ ಅಂತ ಕೊಡೋವಾಗ ಇನ್ನೊಂದ್ ಕೋಟು ಜಾಸ್ತೀನೇ ಹಚ್ಚಿ, ಒರೆಸ್ದೆ ಹಂಗೇ ಬಟ್ಟೇಲಿ ಸುತ್ತಿದ್ದೆ."

ಅಮ್ಮಯಮ್ಮ ಸೆರಗು ಬಾಯಿಗಿಟ್ಟುಕೊಂಡಳು. "ರಬ್ಬರ್‌ಗೆ ಎಣ್ಣೆ ಹಚ್ದ್ಯೇನಪ್ಪಾ? ಕುಕ್ಕರ್ ರಬ್ಬರ್‌ಗೆ ಎಣ್ಣೆ ಹತ್ತಿದ್ರೆ ಎರಡ್ ತಿಂಗ್ಳಿಗೆ ಊದ್ಕೊಂಡು ಮುಚ್ಚಳಕ್ಕೆ ಹಿಡಿಯಲ್ಲ. ಸೊಸೆಗೆ ದಿನಾ ಬೈತೀನಿ ಅದಕ್ಕೇ. ನಿಮ್ಮನೇಲಿ ಹೆಂಗಸ್ರಿಲ್ವಾ ಹೇಳೋಕೆ?"

ಕಾಂತರಾಜುವಿನ ಅಪ್ಪ ಎತ್ತಿನ ಕೊರಳಪಟ್ಟಿಗೆ ಎಣ್ಣೆ ಹಚ್ಚುತ್ತಿದ್ದ, ಬಾರುಕೋಲಿಗೆ ಹಚ್ಚುತ್ತಿದ್ದ, ತೊಗಲು ಅನ್ನುವುದಕ್ಕೆಲ್ಲ ಹಚ್ಚುತ್ತಿದ್ದ. ಇವನು ಅದನ್ನೇ ನೋಡಿ ಕಲಿತವನು. ರಬ್ಬರು ತೊಗಲಲ್ಲ ಅಂತ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವ ಜಾಯಮಾನ ಅವನದಾಗಿರಲಿಲ್ಲ. ಇಪ್ಪತ್ತು ವರ್ಷ ವಾರಕ್ಕೊಂದು ಸಲ ತನ್ನ ಕೈಯಾರೆ ಹಾಳು ಮಾಡಿ, ಕೊನೆಗೆ ಕಂಡವರ ಅಪ್ಪನ ಮನೆಯವರೆಗೂ ಬೈದಿದ್ದ. ಕಾಫಿ ಕೊಟ್ಟರು. ಅದರ ರುಚಿಯೇ ಗೊತ್ತಾಗಲಿಲ್ಲ.

ಹಿಂದಿರುಗುವಾಗ ಠಾಣೆಯ ಮುಂದೆ ಗಾಡಿ ನಿಲ್ಲಿಸಿದ. ಒಳಗೆ ಹೋಗಲು ಕಾಲು ಬರಲಿಲ್ಲ. ಗಂಗಲಕ್ಷ್ಮಮ್ಮನೇ ಹೊರಗೆ ಬಂದರು.

"ಇವತ್ತೇನು ಹಾಳಾಯ್ತು?"

"ಏನಿಲ್ಲ ಮೇಡಂ. ಹಿಡಿ ಸಿಕ್ತು."

"ಒಳ್ಳೇದಾಯ್ತು."

"ಹಾಳು ಮಾಡಿದ್ದು ನಾನೇ ಅಂತೆ. ಎಣ್ಣೆ ಹಚ್ಚಬಾರ್ದಂತೆ." ಇಷ್ಟು ಹೇಳುವಷ್ಟರಲ್ಲಿ ಕತ್ತು ಬೆವೆತಿತ್ತು. "ಆವತ್ತು ಬಾಯಿಗೆ ಬಂದಂಗೆ ಮಾತಾಡ್ದೆ. ತಪ್ಪಾಯ್ತು."

"ನಮ್ಮಪ್ಪ ಸತ್ತು ಆರು ವರ್ಷ ಆಯ್ತು ಕಾಂತರಾಜು. ಅವ್ರನ್ನ ಎಳೀಬಾರ್ದಾಗಿತ್ತು," ಅಂದರು. ಆಮೇಲೆ, "ಹೋಗಿ, ಮಳೆ ಬರೋ ಹಂಗಿದೆ," ಅಂದು ಒಳಗೆ ಹೋದರು.

ಟೆಸ್ಟಿನ ದಿನ ರೇಂಜಿನಲ್ಲಿ ಹದಿನಾಲ್ಕು ಜನ. ಇವನ ಸರದಿ ಹನ್ನೊಂದನೆಯದು. ಬೈರೇಶ್ ರಿವಾಲ್ವರನ್ನು ತಿರುಗಿಸಿ ತಿರುಗಿಸಿ ನೋಡಿ ಹುಬ್ಬು ಹಾರಿಸಿದ. "ಎಲ್ಲಿ ಸಿಕ್ತು ಅಂಕಲ್? ಒರಿಜಿನಲ್ಲು!"

"ಹಿಟ್ಟು ರುಬ್ಬೋ ಕಡೆ. ಕೊಡಿಲ್ಲಿ."

ಮೊದಲ ಎರಡು ಗುಂಡು ಗೆರೆಯೊಳಗೆ ಬಿದ್ದವು. ಮೂರನೆಯದು ಆಚೆ ಹೋಯಿತು. ನಾಲ್ಕನೆಯದು ಒಳಗೆ. ಹಿಡಿ ಕೈಯಲ್ಲಿ ಅಲುಗಲಿಲ್ಲ, ತೋಳು ಮಾತ್ರ ನೋಯುತ್ತಿತ್ತು. ಹಿಡಿ ಹುಡುಕುವುದರಲ್ಲೇ ಐದು ವಾರ ಕಳೆದಿದ್ದ. ತೋಳಿಗೆ ಐವತ್ತಾರಾಗಿದೆ ಅನ್ನುವುದನ್ನು ಯೋಚಿಸಿಯೇ ಇರಲಿಲ್ಲ. ಐದನೆಯದು ಆಚೆ. ಆರನೆಯದಕ್ಕೆ ರಿವಾಲ್ವರ್ ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಎತ್ತಿ ಹೊಡೆದ.

ಬೈರೇಶ್ ಬೋರ್ಡಿನ ಹತ್ತಿರ ಹೋಗಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಪೆನ್ನಿನ ತುದಿಯನ್ನು ತೂತಿಗೆ ಇಟ್ಟು ನೋಡಿದ.

"ಗೆರೆ ಮೇಲೆ ಬಿದ್ದೈತೆ ಅಂಕಲ್."

"ಅಂದ್ರೆ?"

"ಅಂದ್ರೆ ಒಳಗೇ ಅಂತ ಇಟ್ಕೊಳೋಣ. ಮುಂದಿನ್ ವರ್ಷ ಹಿಂಗೆ ಬಿದ್ರೆ ನಾನ್ ಬರ್ಕೊಡಲ್ಲ, ಈಗ್ಲೇ ಹೇಳಿದ್ದೀನಿ."

ಬೇರೆ ದಿನವಾಗಿದ್ದರೆ ಕಾಂತರಾಜು ಒಂದು ಮಾತು ತಿರುಗಿಸಿ ಕೊಡುತ್ತಿದ್ದ. ಆವತ್ತು ತಲೆಯಾಡಿಸಿ ಸಿಮೆಂಟಿನ ಬೆಂಚಿನ ಮೇಲೆ ಕುಳಿತ. ಪಕ್ಕದವನು ಪಾಸಾ ಅಂತ ಕೇಳಿದ. ಹೂಂ ಅಂದ. ಕೇಳಿದವನು ಕೈ ಕುಲುಕಲು ಬಂದರೆ ಎಡಗೈ ಕೊಟ್ಟ, ಬಲಗೈ ಎತ್ತಲಾಗುತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಎಂಟಕ್ಕೆ ಲೇಔಟಿನಲ್ಲಿ ಡ್ಯೂಟಿ. ಟೆಸ್ಟು ಏನಾಯಿತು ಅಂತ ಯಜಮಾನ ಕೇಳಲಿಲ್ಲ, ಟೆಸ್ಟು ಇತ್ತು ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ಸೈಟು ನೋಡಲು ಆವತ್ತು ಹನ್ನೊಂದು ಮನೆಯವರು ಬಂದರು. ಯಜಮಾನ ಪ್ರತಿಯೊಬ್ಬರಿಗೂ ರಸ್ತೆ, ಚರಂಡಿ, ಪಾರ್ಕು ತೋರಿಸಿದ. ಅವನಿಂದ ಎರಡು ಹೆಜ್ಜೆ ಹಿಂದೆ ಬಿಸಿಲಿನಲ್ಲಿ ಕಾಂತರಾಜು ಹನ್ನೊಂದು ಸಲವೂ ನಿಂತಿದ್ದ.