ಮೊದಲು ಕಾಲು
ನಮ್ಮ ಜಿಮ್ಮಿನ ಮಾಸ್ತರರಿಗೆ ಮೂಗಿನ ತುದಿಯಲ್ಲೇ ಕೋಪ. ನೀರಿಲ್ಲದೆ ದೋಣಿಯ ಹುಟ್ಟು ಹಾಕುವ ಆ ರೋಯಿಂಗ್ ಯಂತ್ರದ ಮೇಲೆ ಯಾರೇ ಕೂರಲಿ, ಹಿಡಿಗೆ ಕೈ ಹಾಕುವ ಮೊದಲೇ ಬೈಗುಳ ಶುರು: "ಮೊದ್ಲು ಕಾಲಲ್ಲಿ ಒದೀರಿ! ಆಮೇಲೆ ಬೆನ್ನು, ಕೊನೆಗೆ ಕೈ! ಬಾವಿಯಿಂದ ಕೊಡ ಎಳೀತಿದ್ದೀರಾ?" ಬ್ಯಾಂಕ್ ಮ್ಯಾನೇಜರನ್ನೂ ಬಿಟ್ಟವರಲ್ಲ, ಅವರ ಅತ್ತೆಯನ್ನೂ ಬಿಟ್ಟವರಲ್ಲ. ತಾವು ಮಾತ್ರ ಒಂದು ದಿನವೂ ಅದರ ಮೇಲೆ ಕೂತವರಲ್ಲ. ನಿನ್ನೆ ನನಗೂ ರೇಗಿತು. "ಬರೀ ಬಾಯಲ್ಲಿ ಹೇಳ್ತೀರಲ್ಲ, ಕೂತು ತೋರ್ಸಿ ನೋಡೋಣ!" ಎಂದೆ. ಅಷ್ಟರಲ್ಲಿ ಅವರ ಮೂರು ವರ್ಷದ ಮಗಳು "ಅಪ್ಪಾ, ಎತ್ಕೋ" ಎಂದು ಓಡಿಬಂದಳು. ಮಾಸ್ತರರು ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತರು. "ನೀನೇ ಹತ್ಕೋ ಪುಟ್ಟಿ" ಎಂದು ಅವಳಿಗೆ ತೊಡೆ ಕೊಟ್ಟು, ನನ್ನತ್ತ ತಿರುಗಿ ಗುಡುಗಿದರು: "ಹತ್ತು ವರ್ಷ ಬೆನ್ನಲ್ಲೇ ಎಳ್ದೆ ಕಣ್ರೀ. ಆಗ ನಂಗೆ ಬೈಯೋರು ಒಬ್ರೂ ಇರ್ಲಿಲ್ಲ!"