ಹಾಯಿಯೂ ಇತ್ತು, ಎಂಜಿನ್ನೂ ಇತ್ತು

ನಾಸಿಕ್ ರೋಡಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ಎರಡೇ. ಮೇಲಿನದು ನಮ್ಮದು, ನನ್ನ ಬ್ಯಾಂಕಿನ ವರ್ಗಾವಣೆಯ ಬೆನ್ನು ಹತ್ತಿ ಕಲಬುರಗಿಯಿಂದ ಬಂದವರು ನಾವು. ಕೆಳಗಿನದು ಬೀದರ್ ಕಡೆಯ ಕಾಕಾ ಅವರದು. ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು. ನಮ್ಮನೆಯವರು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಗಾಳಿಯ ಬಗ್ಗೆ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ, ಅದರಲ್ಲಿ ದೋಣಿ ನಡೆಸುವುದೊಂದನ್ನು ಬಿಟ್ಟು.

ಭಾನುವಾರದ ವಿಹಾರಕ್ಕೆಂದು ಇಬ್ಬರೂ ಸೇರಿ ಒಂದು ದೋಣಿ ಕೊಳ್ಳಬೇಕೆಂದು ತೀರ್ಮಾನಿಸಿದರು. ಎಂಥ ದೋಣಿ ಎಂಬುದಕ್ಕೆ ಎರಡು ವರ್ಷ ಜಗಳವಾಯಿತು.

“ಹಾಯಿದೋಣಿ ತಗೊಳ್ಳೋಣ ಕಾಕಾ. ಸಪ್ಪಳಿಲ್ಲ, ಹೊಗಿ ಇಲ್ಲ, ಡೀಸೆಲ್ ಬ್ಯಾಡ,” ಎನ್ನುತ್ತಿದ್ದರು ಇವರು.

“ಗಾಳಿ ನಿಂತ್ರ ಏನ್ ಮಾಡ್ತೀರಿ ಸರ? ನೀರಿನ ನಡುವ ಪಾಠ ಹೇಳ್ಕೋತ ಕೂಡ್ತೀರೇನು? ಮೋಟಾರ್ ಬೋಟ್ ಅಂದ್ರ ಗುಂಡಿ ಒತ್ತಿದ್ರ ಮನಿ.”

“ಮೋಟಾರ್ ಕೆಟ್ರ?”

“ನಾ ಇರೂತನ ಕೆಡಂಗಿಲ್ಲ.”

ಕೊನೆಗೆ ಮುಂಬೈಯಲ್ಲಿ ಯಾರೋ ಮೂಲೆಗೆ ಹಾಕಿದ್ದ ದೋಣಿಯೊಂದು ಸಿಕ್ಕಿತು. ಅದಕ್ಕೆ ಹಾಯಿಯೂ ಇತ್ತು, ಹೊಟ್ಟೆಯೊಳಗೆ ದೊಡ್ಡ ಎಂಜಿನ್ನೂ ಇತ್ತು. ಇಂಥದಕ್ಕೆ ಮೋಟಾರ್ ಸೇಲರ್ ಎನ್ನುತ್ತಾರಂತೆ. ಇಬ್ಬರೂ ತಾವೇ ಗೆದ್ದೆವೆಂದುಕೊಂಡರು. ಲಾರಿಯ ಮೇಲೆ ಘಾಟ್ ಹತ್ತಿಸಿ, ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಜಿಲ್ಲೆಯ ಅಂಚಿನಲ್ಲಿ ಗೋದಾವರಿಯ ಹಿನ್ನೀರಿಗೆ ಇಳಿಸಿದರು.

ನೀರಿಗಿಳಿದ ಮೇಲೆ ಅದರ ಗುಣ ಗೊತ್ತಾಯಿತು. ಹಾಯಿ ಬಿಚ್ಚಿದರೆ ಎಂಜಿನ್ನಿನ ಭಾರಕ್ಕೆ ಮುಂದೆ ಸಾಗದು. ಎಂಜಿನ್ ಹಚ್ಚಿದರೆ ಎದುರುಗಾಳಿಯೆಲ್ಲ ಹಾಯಿಯ ಕಂಬಕ್ಕೇ ಬಡಿದು ಹಿಂದಕ್ಕೆ ನೂಕುವುದು. ನಿಧಾನವಾದಾಗಲೆಲ್ಲ ಒಬ್ಬರು ಇನ್ನೊಬ್ಬರ ಪಾಲಿನ ಅರ್ಧವನ್ನು ಬಯ್ಯುತ್ತಿದ್ದರು. ಒಂದೇ ಗುಣವೆಂದರೆ ಅಲುಗಾಟ ಕಡಿಮೆ; ನನ್ನ ಚಹಾ ಚೆಲ್ಲುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಮೂವರೂ ಹೊರಟೆವು. ನಡುನೀರಿಗೆ ಬರುವಷ್ಟರಲ್ಲಿ ಗಾಳಿ ಬಿದ್ದುಹೋಯಿತು. ಕಾಕಾರ ಮುಖ ಅರಳಿತು. ಎಂಜಿನ್ ಹಚ್ಚಿ, “ಹೇಳಿದ್ದಿಲ್ಲೇನು ತಂಗಿ?” ಎಂದು ನನ್ನ ಕಡೆ ನೋಡಿದರು. ಐದೇ ನಿಮಿಷ. ನೀರಿನಡಿ ಯಾರೋ ಬಿಟ್ಟಿದ್ದ ಮೀನಿನ ಬಲೆ ಎಂಜಿನ್ ತಿರುಗಿಸುವ ಪಂಖಕ್ಕೆ ಸುತ್ತಿಕೊಂಡು ಎಂಜಿನ್ ಗಕ್ಕನೆ ನಿಂತಿತು.

ಆಗಲೇ ಪಶ್ಚಿಮದಲ್ಲಿ ಮೋಡ ಕಟ್ಟಿ ಗಾಳಿ ಎದ್ದಿತು. ಬಲೆ ಬಿಡಿಸಬೇಕಾದ ಕಾಕಾರಿಗೆ ಮಂಡಿನೋವು, ಬಗ್ಗಲಾಗದು. ಹಾಗಾಗಿ ನಮ್ಮನೆಯವರು ಹಿಂಬದಿಯಲ್ಲಿ ಬೋರಲು ಮಲಗಿ, ಈಳಿಗೆಯಂಥ ಚಾಕು ಹಿಡಿದು ನೀರೊಳಗೆ ಕೈಯಾಡಿಸತೊಡಗಿದರು. ಚುಕ್ಕಾಣಿ ಕಾಕಾರ ಕೈಗೆ ಬಂತು. ಹಗ್ಗ ನಾನು ಹಿಡಿದೆ. ಹಾಯಿ ಉಬ್ಬಿತು, ಆ ಭಾರದ ದೋಣಿ ಮೊದಲ ಸಲ ಸದ್ದಿಲ್ಲದೆ ಓಡಿತು.

ಕಾಕಾ ತಲೆಯೆತ್ತಿ ಹಾಯಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ಇಪ್ಪತ್ತೆಂಟು ವರ್ಷ ಹಡಗಿನಾಗ ಇದ್ದೆ ತಂಗಿ. ಕೆಳಗ, ಆ ಬೆಂಕಿಯಾಗ. ಗಾಳಿ ಹಿಂಗ ಎಳಿತೈತಿ ಅಂತ ನನಗ ಯಾರೂ ಹೇಳಿದ್ದಿಲ್ಲ.”

ಅವರ ಕಣ್ಣು ತುಂಬಿದ್ದವು. ನಾನು ಬೇರೆ ಕಡೆ ನೋಡಿದೆ.

ಗಾಳಿಗೆ ಎದುರಾಗಿ ತಿರುಗುವುದು ಆ ದೋಣಿಯಿಂದ ಆಗಲಿಲ್ಲ. ಹೊರಟ ದಡ ಬಿಟ್ಟು ಆಚೆ ದಡದ ಕೆಸರಿಗೆ ಹೋಗಿ ತಗುಲಿದೆವು. ಅಷ್ಟರಲ್ಲಿ ಬಲೆಯೆಲ್ಲ ಕತ್ತರಿಸಿದ್ದ ಇವರು ಕೆಳಗಿಳಿದು ಎಂಜಿನ್ ಹಚ್ಚಿದರು. ಅದು ಗುಡುಗುಡು ಎಂದಾಗ ಮಸಿ ಮೆತ್ತಿದ ಮುಖದಲ್ಲಿ ಇವರು ನಕ್ಕಂಥ ನಗೆಯನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಆದರೆ ಕೆಸರಿನಿಂದ ದೋಣಿ ಕದಲಲಿಲ್ಲ. ಅದನ್ನು ಒಂದು ಜಾಲಿಮರಕ್ಕೆ ಕಟ್ಟಿ, ಈರುಳ್ಳಿ ಟೆಂಪೋ ಹತ್ತಿ ವೈಜಾಪುರ ಸೇರಿ, ಅಲ್ಲಿಂದ ಬಸ್ಸಿನಲ್ಲಿ ನಾಸಿಕಕ್ಕೆ ಬಂದೆವು. ದಾರಿಯುದ್ದಕ್ಕೂ ಇಬ್ಬರೂ ಮೌನ. ಜಗಳ ಮುಗಿಯಿತೆಂದು ನಾನು ನೆಮ್ಮದಿಯಿಂದ ತೂಕಡಿಸಿದೆ.

ಮರುದಿನ ಸಂಜೆ ಕಾಕಾ ಮೇಲೆ ಬಂದರು.

“ಸರ, ಆ ಎಂಜಿನ್ ಕಿತ್ತಿ ಒಗದ್ರ ಹ್ಯಾಂಗ್ರೀ? ಭಾರ ಕಡಿಮಿ ಆಗ್ತೈತಿ. ಹಾಯಿ ಇನ್ನಷ್ಟು ದೊಡ್ಡದು ಮಾಡೂಣು.”

“ಛೇ, ಎಂಜಿನ್ ಯಾಕ ಕೀಳ್ತೀರಿ ಕಾಕಾ?” ಎಂದರು ನಮ್ಮನೆಯವರು. ಉಗುರಿನ ಮಸಿ ಇನ್ನೂ ಹೋಗಿರಲಿಲ್ಲ. “ಆ ಕಂಬಾನ ತೆಗೀಬೇಕು. ಅದರಿಂದಾನ ತೊಂದರಿ.”

ಮತ್ತೆ ಒಂದು ವರ್ಷ ಅದೇ ಜಗಳ, ವಾದಗಳು ಮಾತ್ರ ಅದಲುಬದಲು. ದೋಣಿಗೆ ಯಾರೂ ಕೈ ಹಚ್ಚಲಿಲ್ಲ.

ನನಗೆ ಮತ್ತೆ ವರ್ಗಾವಣೆಯಾದಾಗ ಅದನ್ನು ನಾಸಿಕದ ಹತ್ತಿರದ ದಿಂಡೋರಿ ಕಡೆಯ ಒಬ್ಬ ವೈನ್ ತಯಾರಕರು ತೋಟದ ಅಂದಕ್ಕೆಂದು ಕೊಂಡರು. ಊರು ಬಿಡುವ ಮುನ್ನ ಮೂವರೂ ನೋಡಲು ಹೋದೆವು. ದ್ರಾಕ್ಷಿ ಬಳ್ಳಿಗಳ ನಡುವೆ, ಜಲ್ಲಿಕಲ್ಲಿನ ಮೇಲೆ ಅದು ನೆಟ್ಟಗೆ ನಿಂತಿತ್ತು. ಈ ದೋಣಿ ಅರಬ್ಬೀ ಸಮುದ್ರ ದಾಟಿ ಬಂದದ್ದೆಂದು ಅಲ್ಲಿನ ಗೈಡ್ ಹುಡುಗಿ ಪ್ರವಾಸಿಗರಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು. ಹಾಯಿಯಿಂದಲೋ ಎಂಜಿನ್ನಿನಿಂದಲೋ ಎಂದು ಪ್ರವಾಸಿಗರಲ್ಲೊಬ್ಬರು ಕೇಳಿದರು.

“ದೋನ್ಹೀ,” ಎಂದಳು ಅವಳು. ಎರಡರಿಂದಲೂ.

ಕಾಕಾ ನಮ್ಮನೆಯವರ ಮುಖ ನೋಡಿದರು. ಇವರು ಕಾಕಾರ ಮುಖ ನೋಡಿದರು. ಇಬ್ಬರೂ ಗಂಭೀರವಾಗಿ ತಲೆಯಾಡಿಸಿದರು.